ಹಲ್ಲು ಉದುರಿದ ಹಣಿಗಿ

ಅಕ್ಕ ಕಮಲಾಪುರದಿಂದ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಕೈಯಲ್ಲಿ ಕೆಂಪು ಬಾಳೆಹಣ್ಣು, ಹೆಗಲಿಗೆ ಚೀಲ. ಕುಸನೂರಿನ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎಂದಿನಂತೆ ಮೊದಲು ಕೈ ತೊಳೆದಳು. ಅವಳದು ಕಣ್ಣಿನ ನಂಬರು ನೋಡುವ ಕೆಲಸ. ಗಾಜು ಬದಲಿಸಿ ಬದಲಿಸಿ ನೋಡುವ ಚೌಕಟ್ಟನ್ನು ಒಬ್ಬರ ಮೂಗಿನಿಂದ ತೆಗೆದು ಇನ್ನೊಬ್ಬರ ಮೂಗಿಗೆ ಇಡುವ ಮೊದಲು ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದಳು. ಆ ವಾಸನೆ ಎಷ್ಟು ತೊಳೆದರೂ ಅವಳ ಬೆರಳು ಬಿಡುತ್ತಿರಲಿಲ್ಲ.

ಅವತ್ತು ರೊಟ್ಟಿ ನನ್ನ ಪಾಳಿ. ಅವಳು ಬಡಿದರೆ ದುಂಡಗಿರುತ್ತಿತ್ತು. ನಾನು ಬಡಿದರೆ ಒಂದೊಂದು ಒಂದೊಂದು ಆಕಾರ.

"ಇದು ಯಾವ ಜಿಲ್ಲಾ?" ಅಂತ ತಾಟಿನಲ್ಲಿದ್ದ ರೊಟ್ಟಿ ತಿರುಗಿಸಿ ಕೇಳಿದಳು.

"ಬೀದರ."

"ಹಂಗಾರ ಔರಾದ ಕಡಿಂದ ಮುರಿತೀನಿ ತಗೋ."

ಉಣ್ಣುತ್ತಾ ಕೆಲಸದ ಮಾತು ತೆಗೆದಳು. ಅವಳು ದುಡಿಯುತ್ತಿದ್ದ ಕನ್ನಡಕದ ಅಂಗಡಿಯ ದೊಡ್ಡ ಶಾಖೆ ನಮ್ಮ ಊರಿನ ಜಗತ್ ಸರ್ಕಲ್ ಹತ್ತಿರ ಇದೆ. ಸಣ್ಣ ಶಾಖೆ ಕಮಲಾಪುರದ ಬಸ್ ನಿಲ್ದಾಣದ ಎದುರು. ಅಕ್ಕ ಇದ್ದದ್ದು ಸಣ್ಣದರಲ್ಲಿ. ನಾನು ಜಗತ್ ಸುತ್ತಲಿನ ಅಂಗಡಿಗಳ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಆ ದೊಡ್ಡ ಅಂಗಡಿಯದೂ ನನ್ನದೇ ಕೆಲಸ. ಕಮಲಾಪುರದ್ದನ್ನು ಮಾತ್ರ ಮಾಲಕರು ತಾವೇ ತಂದು ತಾವೇ ಕೂಡಿಸಿದ್ದರು. ಕೌಂಟರಿಗೆ ಒಂದು ಹೊಸ ಲ್ಯಾಪ್‌ಟಾಪ್, ಒಳಗಿನ ಕೋಣೆಗೆ ಒಂದು ಅಗಲ ಮಾನಿಟರ್. ನಡುವೆ ಗೋಡೆಗೆ ತೂತು ಹೊಡೆದು ಕೇಬಲ್ ಎಳೆದಿದ್ದರು. ಗೋಡೆಗೆ ತೂಗುಹಾಕುತ್ತಿದ್ದ ಹಳೆಯ ಅಕ್ಷರದ ಪಟ ಹೋಗಿ, ಈಗ ಅಕ್ಷರಗಳು ಮಾನಿಟರಿನಲ್ಲಿ ಬರುತ್ತಿದ್ದವು.

ಓದು ಬಾರದವರಿಗೆ ಇಂಗ್ಲಿಷಿನ ಇ ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ತೋರಿಸುವ ರೂಢಿ. ಅಕ್ಕ ಅದನ್ನು ಅಕ್ಷರ ಅನ್ನುತ್ತಿರಲಿಲ್ಲ, ಹಣಿಗಿ ಅನ್ನುತ್ತಿದ್ದಳು. 'ಹಣಿಗಿ ಹಲ್ಲು ಯಾವ ಕಡಿ ಅವ, ಕೈಲೆ ತೋರ್ಸ್ರಿ.' ತಲೆ ಬಾಚುವ ಹಣಿಗಿ ಗೊತ್ತಿಲ್ಲದವರು ಯಾರೂ ಇಲ್ಲವಲ್ಲ. ಹೊಲದಿಂದ ನೇರ ಬಂದ ಹೆಂಗಸರೂ ಸಂಕೋಚವಿಲ್ಲದೆ ಕೈ ತೋರಿಸುತ್ತಿದ್ದರು. ಮೇಡಂ ಅನ್ನುವ ಬದಲು ಅಲ್ಲಿ ಎಲ್ಲರೂ ಅಕ್ಕನನ್ನು ಬಾಯಿ, ಬಾಯಾರು ಅನ್ನುತ್ತಿದ್ದರು.

"ಇವತ್ತ ಒಬ್ಬಾಕಿ ಮುದುಕಿ ಏನಂದಳು ಗೊತ್ತೇನು? ಬಾಯಾರ, ನಿಮ್ಮ ಹಣಿಗಿಗೂ ನನ್ನಂಗ ಹಲ್ಲು ಉದುರ್ಯಾವಲ್ಲ ಅಂದಳು."

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿದಳು.

"ಖರೇ ಹೇಳ್ತೀನಿ, ಹೊಸ ಸ್ಕ್ರೀನ್ ಬಂದಾಗಿಂದ ಕೆಳಗಿನ ಸಾಲು ಮಬ್ಬು ಅವ. ಕಣ್ಣಿಗೆ ಸಣ್ಣ ತೂತಿನ ತಗಡು ಹಿಡದ್ರೂ ಕಾಣವಲ್ವು. ತಪ್ಪು ಕಣ್ಣಾಗ ಇದ್ರ ತಗಡಿನಾಗ ಸ್ವಲ್ಪರೆ ಕಾಣಬೇಕಿತ್ತು. ಮಾಲಕರಿಗೆ ಹೇಳಿದ್ರ, ನಿನ್ನ ಕಣ್ಣ ತೋರ್ಸ್ಕೋ ಬಾಯಿ ಅಂತಾರ. ನಾಳಿ ನನ್ನ ಜೋಡಿ ಬಾ, ನೀನೇ ನೋಡು."

"ಬರ್ತೀನಿ. ಈಗ ಹೆಂಗ ಮಾಡ್ಲಾಕತ್ತಿ?"

"ಚೌಕಟ್ಟು ಹಾಕಿ ಹೊರಗಿನ ಕಟ್ಟಿ ಮ್ಯಾಲ ಕರಕೊಂಡು ಬರ್ತೀನಿ. ಎದುರಿನ ಅಂಗಡ್ಯಾಗ ಬಾಳಿಗೊನಿ ತೂಗ ಹಾಕ್ಯಾರಲ್ಲ. ಹಣ್ಣು ಬಿಡಿಬಿಡಿ ಕಂಡ್ರ ನಂಬರ್ ಸರಿ, ಒಂದೇ ಮುದ್ದಿ ಕಂಡ್ರ ತಪ್ಪು. ದೇವರು ಕೊಟ್ಟ ಚಾರ್ಟು ಅದು."

ಮರುದಿನ ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತಾ ನಿಂತವಳು ಹಾಗೇ ಕುಸಿದಳು. ಆಟೋದಲ್ಲಿ ದವಾಖಾನೆಗೆ ಒಯ್ದೆ. ಮೆದುಳಿನ ನರ ಒಡೆದಿದೆ ಎಂದರು ಡಾಕ್ಟರು. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಮನೆಗೆ ಬಂದ ನೆಂಟರು ಹೋದ ಮೇಲೆ ಕಪಾಟಿನ ಮೇಲಿದ್ದ ಬಾಳೆಹಣ್ಣು ನೆನಪಾಯಿತು. ಕಪ್ಪಾಗಿ, ನೀರು ಬಿಟ್ಟು, ಇರುವೆ ಮುತ್ತಿದ್ದವು. ಎತ್ತಿ ಎಸೆದೆ. ಕೈ ತೊಳೆದೆ. ಆ ವಾಸನೆಯೂ ಕೆಲ ಹೊತ್ತು ಹೋಗಲಿಲ್ಲ.

ದಿನಕರ್ಮಗಳೆಲ್ಲ ಆದ ಮೇಲೆ ಮಾಲಕರು ಮಾತಾಡಿಸಲು ಮನೆಗೆ ಬಂದರು. ತಲೆಗೆ ಹೊಸದಾಗಿ ಬಣ್ಣ ಹಾಕಿದ್ದರು. ಕಿವಿಯ ಅಂಚಿಗೂ ಒಂದಿಷ್ಟು ಮೆತ್ತಿತ್ತು. ಅಕ್ಕನ ಫೋಟೋಕ್ಕೆ ಕೈ ಮುಗಿದು ಕುಳಿತು ಚಹಾ ಕುಡಿದರು. ಚಹಾದ ಕಪ್ಪು ಕೈಯಲ್ಲಿರುವಾಗಲೇ ಹೇಳಿದರು:

"ಹೋದೋರ ಬಗ್ಗೆ ಮಾತಾಡಬಾರ್ದು. ಆದ್ರೂ ಹೇಳ್ತೀನಿ. ಕಮಲಾಪುರದಾಗ ಗಿರಾಕಿಗೋಳು ಕಣ್ಣಿನ ಚಾಳೀಸು ವಾಪಸ್ ತರ್ಲಾಕತ್ತಾರ. ತಲಿ ನೋಯ್ತದ, ಕಾಣವಲ್ದು ಅಂತಾರ. ನಿಮ್ಮ ಅಕ್ಕನ ಕಣ್ಣೇ ಹೋಗಿದ್ದುವು ಕಾಣಸ್ತದ. ಪಾಪ, ನಂಬರ್ ತಪ್ಪು ಬರದು ಹೋಗ್ಯಾಳ."

"ಬಂದೋರಿಗೆ ನೀವು ಏನು ಹೇಳ್ತೀರಿ?"

"ಇದ್ದದ್ದು ಹೇಳ್ತೀನಿ. ಬಾಯಿ ತಪ್ಪು ಬರದಿದ್ದಳು, ಈಗ ಹೊಸ ಮನಷ್ಯಾ ಬಂದಾನ, ಬರೋಬರಿ ಮಾಡಿ ಕೊಡ್ತೀವಿ ಅಂತ."

ನನಗೆ ಚಹಾದ ಕಪ್ಪು ಅವರ ಕೈಯಿಂದ ಕಸಿದುಕೊಳ್ಳಬೇಕು ಅನ್ನಿಸಿತು. ಕಸಿದುಕೊಳ್ಳಲಿಲ್ಲ. ನಾನು ಜಗಳ ಆಡುವವನಲ್ಲ. "ನಾನೊಮ್ಮೆ ಆ ಸ್ಕ್ರೀನ್ ನೋಡ್ತೀನಿ ಮಾಲಕ್ರ" ಅಂದೆ.

"ನೋಡು, ನೋಡು. ಮನಿ ಮನಷ್ಯಾನೇ ಅಲ್ಲೇನು ನೀನು," ಅಂದರು.

ಕಮಲಾಪುರಕ್ಕೆ ಹೋದೆ. ಒಳಗಿನ ಕೋಣೆ ಮೊದಲು ಸಾಮಾನು ಇಡುವ ಜಾಗವಾಗಿತ್ತು. ಉದ್ದ ಸಾಲದು. ಅದಕ್ಕೆ ಮಾನಿಟರನ್ನು ಪೇಷಂಟ್ ಕೂರುವ ಕುರ್ಚಿಯ ಹಿಂದಿನ ಗೋಡೆಗೆ, ತಲೆಗಿಂತ ಎತ್ತರಕ್ಕೆ ಹಾಕಿ, ಎದುರು ಗೋಡೆಗೆ ಕನ್ನಡಿ ಇಟ್ಟಿದ್ದರು. ಪೇಷಂಟ್ ಕನ್ನಡಿಯೊಳಗಿನ ಅಕ್ಷರ ನೋಡಬೇಕು. ಅಷ್ಟರಲ್ಲಿ ತಪ್ಪಿಲ್ಲ, ಜಾಗವಿಲ್ಲದ ಕಡೆ ಹೀಗೇ ಮಾಡುತ್ತಾರೆ. ಆದರೆ ಬಾಗಿಲ ಹಿಂದೆ ಗುಟ್ಕಾ ಪೊಟ್ಟಣಗಳು ಬಿದ್ದಿದ್ದವು. ಮೂಲೆಯ ಗೋಡೆಗೆ ಯಾರೋ ಉಗುಳಿದ್ದು ಹಾಗೇ ಒಣಗಿ ಇಳಿದಿತ್ತು. ಸ್ಪಿರಿಟ್ ಶೀಶೆ ಖಾಲಿಯಾಗಿತ್ತು. ಅಕ್ಕನ ಕೈಯಲ್ಲಿ ಮಿಂಚುತ್ತಿದ್ದ ಆ ಚೌಕಟ್ಟಿನ ಮೂಗಿನ ಮೇಲೆ ಕೂರುವ ತುದಿಗಳಲ್ಲಿ ಬೆವರು, ಪೌಡರು, ಕೊಬ್ಬರಿ ಎಣ್ಣೆ ಸೇರಿ ಕರಿ ಜಿಡ್ಡು ಕಟ್ಟಿತ್ತು. ಅದನ್ನೇ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ದಾಟಿಸುತ್ತಿದ್ದರು.

ಅಕ್ಕನ ಜಾಗಕ್ಕೆ ಬಂದ ಹೊಸಬರು ನಡುವಯಸ್ಸಿನವರು, ಮೊದಲು ಬೇರೆ ಊರಿನ ಅಂಗಡಿಯೊಂದರಲ್ಲಿ ಇದ್ದವರಂತೆ. ಕೆಟ್ಟವರಲ್ಲ. ಆದರೆ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವರೂ ಅಲ್ಲ. "ಸ್ಕ್ರೀನ್ ಮಬ್ಬು ಅದ ಅಂತ ನಿಮಗ ಅನಿಸಿಲ್ಲೇನ್ರೀ?" ಅಂತ ಕೇಳಿದೆ.

"ಅನಿಸ್ತದ. ಕಾಣವಲ್ದು ಅಂದ್ರ ಇನ್ನೊಂದು ಗಾಜು ಏರಸ್ತೀನಿ. ಕಾಣ್ತದ ಅನ್ನೂತನಕ ಏರಸ್ತೀನಿ. ಯಾವುದರೆ ಒಂದು ಗಾಜಿಗೆ ಅವರೇ ಬ್ಯಾಸತ್ತು ಕಾಣ್ತದ ಅಂತಾರ."

ಅವರು ಇದನ್ನು ತಮಾಷೆಯಾಗಿ ಹೇಳಲಿಲ್ಲ.

ನಾವು ಮಾತಾಡುತ್ತಿರುವಾಗಲೇ ಒಬ್ಬ ಆಟೋ ಡ್ರೈವರ್ ಬಂದ. ಖಾಕಿ ಅಂಗಿಯ ಜೇಬಿನಲ್ಲಿ ಒಂದು ಕನ್ನಡಕ, ಕಣ್ಣಿಗೆ ಇನ್ನೊಂದು. "ಸಾಬ್, ಇದು ಹಾಕ್ಕೊಂಡು ಆಟೋ ಹೊಡದ್ರ ಸಂಜೀಕ ತಲಿ ಎರಡು ಹೋಳು ಆಗ್ತದ. ಗುಂಡಿ ಇಲ್ಲದ ಕಡಿ ಗುಂಡಿ ಕಾಣ್ತಾವ. ಇದ್ದ ಗುಂಡಿನೇ ಸಾಲವಲ್ವು ಅಂತ ಹೊಸಾವು ಕೊಟ್ಟೀರೇನು?"

"ಜೇಬನ್ಯಾಗ ಇರೋದು?" ಅಂತ ನಾನು ಕೇಳಿದೆ.

"ಅದು ಆಪಾ ಬರದು ಕೊಟ್ಟಿದ್ದು. ಇಲ್ಲಿ ಮೊದಲಿದ್ರಲ್ಲ, ಅವರು. ನನ್ನ ಕೈ ಹಿಡಿದು ಹೊರಗ ನಿಲ್ಲಿಸಿ ಗೊನಿ ತೋರ್ಸಿ ಬರದ್ರು. ಚಲೋ ಇತ್ತು. ಬಾಜು ಮನಿ ಮುದುಕನ ಚಾಳೀಸು ತಲಿನೋವು ಅಂತ ಬದಲಿ ಆತು, ನಂದೂ ನೋಡ್ರಿ ಅಂತ ಬಂದೆ. ಮಾಲಕ್ ಸಾಬ್ ಅಂದ್ರು, ಆಪಾ ಬರದಿದ್ದು ಎಲ್ಲಾ ಗಲತ್, ಬಿಚ್ಚಿಡು ಅಂತ. ನನಗೇನು ತಿಳೀತದ? ಓದಿದೋರು ಹೇಳ್ಯಾರಂತ ಬಿಚ್ಚಿಟ್ಟೆ."

"ಅವರು ನಮ್ಮ ಅಕ್ಕ," ಅಂದೆ.

ಅವನು ಕಣ್ಣಿಗಿದ್ದ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮಾಫ್ ಮಾಡ್ರಿ ಭಾಯ್. ನನಗ ಗೊತ್ತಿರಲಿಲ್ಲ," ಅಂದ.

ಸ್ಕ್ರೀನ್ ಸರಿ ಮಾಡುವ ಕೆಲಸ ಅಲ್ಲಿಗೆ ನನ್ನ ಪಾಲಿಗೆ ಬರೀ ರಿಪೇರಿಯಾಗಿ ಉಳಿಯಲಿಲ್ಲ. ತಪ್ಪು ಅಕ್ಕನ ಕಣ್ಣಿನದೋ ಪರದೆಯದೋ ಎನ್ನುವುದು ಆ ಕೋಣೆಯಲ್ಲೇ ತೀರ್ಮಾನವಾಗಬೇಕಿತ್ತು.

ಮೊದಲು ಕನ್ನಡಿ ತೊಳೆದೆ. ಕೊಳೆ ಬಂತು, ಮಬ್ಬು ಹೋಗಲಿಲ್ಲ. ಕನ್ನಡಿ ಬಿಟ್ಟು ಸ್ಟೂಲ್ ಹತ್ತಿ ಮಾನಿಟರನ್ನೇ ನೋಡಿದೆ. ದೊಡ್ಡ ಅಕ್ಷರ ಪರವಾಗಿಲ್ಲ. ಕೆಳಗೆ ಬಂದಷ್ಟೂ ಹಣಿಗಿಯ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡು, ಕೊನೆಯ ಸಾಲಿನಲ್ಲಿ ಬರೀ ಬೂದು ಚೌಕ. ಮುದುಕಿ ಅಂದದ್ದು ಸರಿಯಾಗಿತ್ತು. ಕೌಂಟರಿನಿಂದ ಭೂತಗಾಜು ತಂದು ಹಿಡಿದೆ. ಪರದೆಯ ಚಿತ್ರವೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿರುತ್ತದೆ. ಅಕ್ಷರ ಚೊಕ್ಕಟವಾಗಿದ್ದರೆ ಕರಿ ಚುಕ್ಕೆ ಮುಗಿದಲ್ಲಿ ಬಿಳಿ ಚುಕ್ಕೆ ಶುರುವಾಗಬೇಕು. ಇಲ್ಲಿ ಎರಡರ ನಡುವೆ ಬೂದಿ ಬಣ್ಣದ ಚುಕ್ಕೆಗಳ ಸಾಲು ನಿಂತಿತ್ತು. ಅಂದರೆ ಕನ್ನಡಿಯದೂ ಅಲ್ಲ, ನೋಡುವವರ ಕಣ್ಣಿನದೂ ಅಲ್ಲ. ಅಕ್ಷರವೇ ಮಬ್ಬಾಗಿ ಹುಟ್ಟುತ್ತಿತ್ತು.

ಕೇಬಲ್ ಬದಲಿಸಿದೆ. ಏನೂ ಆಗಲಿಲ್ಲ. ಸೆಟ್ಟಿಂಗ್ ತೆಗೆದು ನೋಡಿದರೆ ಆ ಅಗಲ ಮಾನಿಟರಿಗೆ ಅದರ ಸ್ವಂತ ಚುಕ್ಕೆಗಳ ಲೆಕ್ಕ ಬಿಟ್ಟು ಕಡಿಮೆಯದನ್ನು ಕೊಟ್ಟಿದ್ದರು. ಅದನ್ನು ಸರಿ ಮಾಡಿದೆ. ಉಳಿದ ಐಕಾನುಗಳೆಲ್ಲ ಕೂದಲೆಳೆಯಂತೆ ಚೊಕ್ಕಟವಾದವು. ಅಕ್ಷರದ ಸಾಫ್ಟ್‌ವೇರ್ ತೆರೆದೆ. ಮೊದಲಿಗಿಂತ ಒಂದಿಷ್ಟು ಮೇಲು. ಬೂದಿ ಚುಕ್ಕೆ ಮಾತ್ರ ಹಾಗೇ ಇತ್ತು.

ಸಾಫ್ಟ್‌ವೇರ್ ಮಾರಿದವನಿಗೆ ಫೋನ್ ಮಾಡಿದೆ.

"ನಮ್ಮದರಾಗ ಏನೂ ತೊಂದ್ರಿ ಇಲ್ಲ. ಯಾವ ಅಂಗಡಿಯಿಂದನೂ ಕಂಪ್ಲೇಂಟ್ ಇಲ್ಲ. ಪೇಷಂಟ್ ಏನರೆ ಅಂದಾರೇನು?"

"ಪೇಷಂಟ್ ಹೆಂಗ ಅಂತಾರ್ರೀ? ಕಾಣಂಗಿಲ್ಲ ಅಂತನೇ ಅವರು ಬಂದಿರ್ತಾರ."

"ಮತ್ತ ನಿಮ್ಮದೇನು ಸಮಸ್ಯಾ?" ಅಂದ.

ಫೋನ್ ಇಟ್ಟೆ. ಬ್ಯಾಂಕಿನಲ್ಲೋ ಟಿಕೆಟ್ ಕೌಂಟರಿನಲ್ಲೋ ಪರದೆ ಮಬ್ಬಾದರೆ ಅದೇ ದಿನ ಯಾರಾದರೂ ಕೂಗಾಡುತ್ತಾರೆ. ಇಲ್ಲಿ ಬರುವವರು ಮಬ್ಬು ತಮ್ಮದೇ ಎಂದು ಒಪ್ಪಿಕೊಂಡೇ ಕುರ್ಚಿಗೆ ಕೂರುತ್ತಾರೆ. ಕೆಟ್ಟ ಪರದೆ ಅಡಗಿ ಕೂರಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಡಗಿಸಿದವರಿಗೆ ಗಾಜಿನ ವ್ಯಾಪಾರವೂ ಹೆಚ್ಚಾಗುತ್ತದೆ.

ಕಾರಣ ಸಿಕ್ಕಿದ್ದು ಲ್ಯಾಪ್‌ಟಾಪಿನಲ್ಲಿ. ಅದರ ಪರದೆ ಸಣ್ಣದು, ಚುಕ್ಕೆಗಳು ಒತ್ತೊತ್ತಾಗಿ ಇರುತ್ತವೆ. ಇದ್ದಂತೆ ಬಿಟ್ಟರೆ ಅಕ್ಷರಗಳು ಕಿರಿದಾಗಿ ಕಾಣುತ್ತವೆ. ಅದಕ್ಕೆ ಎಲ್ಲವನ್ನೂ ಒಂದೂವರೆ ಪಟ್ಟು ಹಿಗ್ಗಿಸುವ ಸೆಟ್ಟಿಂಗ್ ಹಾಕಿದ್ದರು. ಒಳಗಿನ ಮಾನಿಟರಿಗೆ ಹಿಗ್ಗಿಸುವ ಅಗತ್ಯವಿಲ್ಲ, ಅದು ಇದ್ದಷ್ಟೇ ಇತ್ತು. ಇವತ್ತಿನ ಸಾಫ್ಟ್‌ವೇರ್‌ಗಳು ಪ್ರತಿ ಪರದೆಯನ್ನೂ ಬೇರೆ ಬೇರೆ ಕೇಳಿಕೊಂಡು ಅದಕ್ಕೆ ತಕ್ಕಂತೆ ಬರೆಯುತ್ತವೆ. ಈ ಹಳೆಯ ಸಾಫ್ಟ್‌ವೇರಿಗೆ ಆ ಬುದ್ಧಿ ಇಲ್ಲ. ಶುರುವಾಗುವಾಗ ಮುಖ್ಯ ಪರದೆ ಯಾವುದೋ ಅದನ್ನೊಂದೇ ಕೇಳುತ್ತದೆ. ಮುಖ್ಯ ಪರದೆ ಕೌಂಟರಿನದು. ಅದರ ಲೆಕ್ಕಕ್ಕೆ ದೊಡ್ಡದಾಗಿ ಬರೆದದ್ದನ್ನು ಕಂಪ್ಯೂಟರು ಒಳಗಿನ ಮಾನಿಟರಿಗಾಗಿ ಹಿಂಡಿ ಸಣ್ಣದು ಮಾಡುತ್ತಿತ್ತು. ಹಿಂಡುವಾಗ ಕರಿಯೂ ಬಿಳಿಯೂ ಕಲೆತು ಬೂದಿಯಾಗುತ್ತಿತ್ತು. ಜಗತ್ ಅಂಗಡಿಯಲ್ಲಿ ಎರಡೂ ಒಂದೇ ತರದ ಹಳೆ ಮಾನಿಟರುಗಳು, ಅದಕ್ಕೆ ಅಲ್ಲಿ ಈ ತೊಂದರೆ ಬಂದಿರಲಿಲ್ಲ.

ಹಿಂಡಬೇಡ, ಬರೆದದ್ದನ್ನು ಹಾಗೇ ತೋರಿಸು ಎಂದು ಆ ಸಾಫ್ಟ್‌ವೇರಿಗಷ್ಟೇ ಹೇಳುವ ಒಂದು ದಾರಿಯಿದೆ. ಅದನ್ನು ಹಾಕಿದೆ. ಅಕ್ಷರ ಚಾಕುವಿನ ಬಾಯಿಯಂತೆ ಬಂತು. ಆದರೆ ಒಂದೂವರೆ ಪಟ್ಟು ದೊಡ್ಡದಾಗಿ ಬಂತು, ಕೊನೆಯ ಸಾಲು ಪರದೆಯ ಕೆಳಗೆ ಇಳಿದು ಹೋಯಿತು. ಅಳತೆಪಟ್ಟಿ ಹಿಡಿದೆ. ಇಷ್ಟು ದೂರಕ್ಕೆ ಇಷ್ಟೇ ಎತ್ತರದ ಅಕ್ಷರ ಎಂಬ ಲೆಕ್ಕದ ಮೇಲೆ ಈ ಪರೀಕ್ಷೆ ನಿಂತಿದೆ. ದೊಡ್ಡ ಅಕ್ಷರ ತೋರಿಸಿದರೆ ಕಾಣದವರಿಗೂ ಕಾಣುತ್ತದೆ. ಅಳತೆ ತಿದ್ದುವ ಜಾಗಕ್ಕೆ ಮಾರಿದವನು ಬೀಗ ಹಾಕಿದ್ದ. ಆ ದಾರಿ ಬಿಟ್ಟೆ.

ಕೊನೆಗೆ ಸರಳವಾದದ್ದನ್ನೇ ಮಾಡಿದೆ. ಲ್ಯಾಪ್‌ಟಾಪಿನ ಹಿಗ್ಗಿಸುವಿಕೆ ತೆಗೆದು ಎರಡನ್ನೂ ಒಂದೇ ಲೆಕ್ಕಕ್ಕೆ ತಂದು, ಕಂಪ್ಯೂಟರಿನಿಂದ ಪೂರ್ತಿ ಲಾಗ್ ಔಟ್ ಆಗಿ ಮತ್ತೆ ಒಳಗೆ ಹೋದೆ. ಹೀಗೆ ಹೊರಗೆ ಬಂದು ಹೋಗದಿದ್ದರೆ ಆ ಸಾಫ್ಟ್‌ವೇರ್ ಹಳೆಯ ಲೆಕ್ಕವನ್ನೇ ಹಿಡಿದುಕೊಂಡು ಕೂತಿರುತ್ತದೆ. ಅಕ್ಷರ ಬಂತು. ಹಣಿಗಿಯ ಪ್ರತಿ ಹಲ್ಲು ಬೇರೆ ಬೇರೆ ಕಂಡಿತು. ಅಳತೆಯೂ ಕೂಡಿತು. ಭೂತಗಾಜು ಹಿಡಿದು ನೋಡಿದೆ, ಬೂದಿ ಇರಲಿಲ್ಲ. ಹೊಸಬರು ಕುರ್ಚಿಯಲ್ಲಿ ಕೂತು ನೋಡಿ "ಆತು ನೋಡ್ರಿ" ಅಂದರು. ಗಾಜು ಬದಲಿಸಿ ಕೊಡಲು ಮಾಲಕರು ಬೇಕಿತ್ತು, ಅವರು ಊರಲ್ಲಿರಲಿಲ್ಲ. ಆಟೋದವನಿಗೆ ಮುಂದಿನ ವಾರ ಬಾ ಎಂದು ಹೇಳಿ ಕಳಿಸಿ ನಾನು ಬಸ್ ಹತ್ತಿದೆ.

ವಾರ ಮುಗಿಯುವ ಮೊದಲೇ ಹೊಸಬರ ಫೋನ್ ಬಂತು. "ಮತ್ತ ಹಳೀ ಕಥಿನೇ ಆಗ್ಯದ."

ಹೋಗಿ ನೋಡಿದರೆ ಹಿಗ್ಗಿಸುವಿಕೆ ಮತ್ತೆ ಒಂದೂವರೆ ಪಟ್ಟಿಗೆ ಏರಿತ್ತು. ಹೊಸ ಅಪ್‌ಡೇಟ್ ಬಂದು ತಾನೇ ಬದಲಿಸಿರಬೇಕು ಎಂದುಕೊಂಡೆ. ತೆಗೆದೆ, ಬಂದೆ. ಮತ್ತೆ ಏರಿತು. ಪರದೆಯ ಡ್ರೈವರ್ ಕೆಟ್ಟಿರಬೇಕು ಎಂದು ಅದನ್ನೂ ಅಳಿಸಿ ಹೊಸದಾಗಿ ಹಾಕಿದೆ. ಅದೂ ಉಳಿಯಲಿಲ್ಲ. ಕೇಳಿದರೆ ಹೊಸಬರು ಗೋಡೆ ನೋಡುತ್ತಿದ್ದರು. ಇನ್ನೊಂದು ಸಲ ಹೋದಾಗ, ಮಾಲಕರು ಬರುವ ದಿನ ಯಾವುದೆಂದು ತಿಳಿದುಕೊಂಡು ಆ ದಿನವೇ ಹೋದೆ. ಸೆಟ್ಟಿಂಗ್ ಸರಿ ಮಾಡಿ ಕೌಂಟರಿನ ಪಕ್ಕದ ಬೆಂಚಿನಲ್ಲಿ ಕೂತೆ.

ಮಾಲಕರು ಬಂದರು. ಲ್ಯಾಪ್‌ಟಾಪ್ ಮುಂದೆ ಕೂತರು. ತಲೆ ಹಿಂದಕ್ಕೆ ಮಾಡಿದರು, ಮುಂದಕ್ಕೆ ತಂದರು, ಕಣ್ಣು ಕಿರಿದು ಮಾಡಿದರು. ಆಮೇಲೆ ಬಹಳ ರೂಢಿಯಾದ ಕೈಯಿಂದ ಸೆಟ್ಟಿಂಗ್ ತೆಗೆದು ಒಂದೂವರೆ ಪಟ್ಟಿಗೆ ಏರಿಸಿದರು.

"ಇದೇನಪಾ, ಪ್ರತಿ ಸಲ ಬಂದು ಇರವಿ ಸಾಲು ಮಾಡಿ ಹೋಗ್ತಿ?"

ಅವರ ಮೊಣಕೈ ಪಕ್ಕದಲ್ಲೇ ಓದುವ ಕನ್ನಡಕಗಳ ತಿರುಗುವ ಸ್ಟ್ಯಾಂಡ್ ಇತ್ತು. "ಅದರಾಗಿನ ಒಂದು ಹಾಕ್ಕೊಳ್ರಿ ಮಾಲಕ್ರ," ಅಂದೆ.

"ನಂಗ ನಂಬರ್ ಇಲ್ಲ." ಹಾಗೆನ್ನುತ್ತಲೇ ಬಂದ ಮೆಸೇಜ್ ಓದಲು ಮೊಬೈಲನ್ನು ತೋಳುದ್ದ ದೂರ ಹಿಡಿದರು. "ಐವತ್ತು ದಾಟ್ಯಾವ, ಒಂದು ಪಾಯಿಂಟ್ ನಂಬರ್ ಇಲ್ಲ ನಂದು. ಬಂದೋರಿಗೆಲ್ಲ ಇದನ್ನೇ ಹೇಳ್ತೀನಿ. ಚಾಳೀಸು ಮಾರೋನೇ ಚಾಳೀಸು ಹುಡಿಕ್ಯಾಡಿದ್ರ ಗಿರಾಕಿ ಏನು ತಿಳ್ಕೋತಾನ?"

ಹೊಸಬರು ಗೋಡೆ ಯಾಕೆ ನೋಡುತ್ತಿದ್ದರು ಎಂದು ಆಗ ತಿಳಿಯಿತು. ನನ್ನ ಎದೆಯೊಳಗೆ ಸಿಟ್ಟಿಗಿಂತ ಹೇಸಿಗೆ ಎದ್ದಿತು. ಕನ್ನಡಕ ಮಾರುವ ಒಬ್ಬ ಮನುಷ್ಯನಿಗೆ ಕನ್ನಡಕ ಹಾಕಿಕೊಳ್ಳಲು ನಾಚಿಕೆ. ಆ ನಾಚಿಕೆ ಗೋಡೆಯ ತೂತಿನಿಂದ ದಾಟಿ ಒಳಗೆ ಕೂತವರ ಅಕ್ಷರವನ್ನೆಲ್ಲ ಬೂದಿ ಮಾಡಿತ್ತು. ಆ ಬೂದಿಯನ್ನು ಎತ್ತಿ ಅಕ್ಕನ ಹೆಸರಿಗೆ ಬಳಿದಿದ್ದರು. ಅವಳು ಬದುಕಿರುವಾಗ 'ನಿನ್ನ ಕಣ್ಣ ತೋರ್ಸ್ಕೋ' ಅಂದವರು ಇವರೇ.

ಆದರೂ ತಿಳಿಸಿ ಹೇಳಿದೆ. ನೀವು ಇಲ್ಲಿ ಹಿಗ್ಗಿಸಿದರೆ ಅಲ್ಲಿ ಅಕ್ಷರ ಮಬ್ಬಾಗುತ್ತದೆ, ಗಾಜು ಅದಕ್ಕೇ ತಪ್ಪುತ್ತಿದೆ ಎಂದೆ.

"ಒಳಗ ಕುಂತೋರಿಗೆ ಹೆಂಗೂ ಕಾಣಂಗಿಲ್ಲ. ಬಿಲ್ ಮಾಡೋನಿಗೆ ಕಾಣಬೇಕಲ್ಲ," ಅಂದರು. "ನಿಮ್ಮ ಅಕ್ಕ ಗಿರಾಕೀನ ರಸ್ತಾಕ ಒಯ್ದು ಬಾಳಿಗೊನಿ ತೋರಸ್ತಿದ್ದಳು. ಅದನ್ನು ಟೆಸ್ಟಿಂಗ್ ಅಂತಾರ?"

ಚಹಾ ಕುಡಿದು ಬರುತ್ತೇನೆ ಎಂದು ಹೊರಗೆ ಬಂದು ಕಟ್ಟೆಯ ಮೇಲೆ ನಿಂತೆ. ಎದುರಿನ ಅಂಗಡಿಯಲ್ಲಿ ಕೆಂಪು ಗೊನೆ ತೂಗುತ್ತಿತ್ತು. ಹಣ್ಣುಗಳು ಬಿಡಿಬಿಡಿ ಕಾಣುತ್ತಿದ್ದವು.

ಅಲ್ಲಿ ನಿಂತು ಯೋಚಿಸಿದೆ. ಇವರು ಹಿಗ್ಗಿಸುವುದನ್ನು ಬಿಡುವುದಿಲ್ಲ. ಸಾಫ್ಟ್‌ವೇರ್ ಒಂದೇ ಪರದೆಗೆ ಚೊಕ್ಕಟ ಬರೆಯುತ್ತದೆ, ಇನ್ನೊಂದಕ್ಕೆ ಮಬ್ಬು ತಪ್ಪಿದ್ದಲ್ಲ. ಇಷ್ಟು ದಿನ ನಾನು ಮಬ್ಬನ್ನು ಎರಡೂ ಕಡೆಯಿಂದ ತೆಗೆಯಲು ಒದ್ದಾಡಿದ್ದೆ. ಅದು ಹೋಗದಿದ್ದರೆ, ಅದು ಯಾರ ಕಡೆ ಇರಬೇಕು ಎಂದಾದರೂ ನಿರ್ಧರಿಸಬಹುದಲ್ಲ.

ಒಳಗೆ ಹೋಗಿ, ಮಾಲಕರು ಊಟಕ್ಕೆ ಎದ್ದಾಗ, ಪೇಷಂಟ್ ನೋಡುವ ಮಾನಿಟರನ್ನೇ ಮುಖ್ಯ ಪರದೆ ಮಾಡಿದೆ. ಕೌಂಟರಿನ ಲ್ಯಾಪ್‌ಟಾಪನ್ನು ಎರಡನೆಯದು ಮಾಡಿದೆ. ಅದರ ಒಂದೂವರೆ ಪಟ್ಟು ಹಾಗೇ ಬಿಟ್ಟೆ. ಲಾಗ್ ಔಟ್ ಆಗಿ ಮತ್ತೆ ಒಳಹೋದೆ. ಒಳಗಿನ ಅಕ್ಷರ ಚೊಕ್ಕಟ, ಅಳತೆ ಸರಿ. ಬಿಲ್ಲೂ ಅದೇ ಸಾಫ್ಟ್‌ವೇರಿನದು; ಕೌಂಟರಿನಲ್ಲಿ ಅದರ ಅಕ್ಷರ ದೊಡ್ಡದಾಗೇ ಇತ್ತು, ಆದರೆ ನೀರಲ್ಲಿ ನೆನೆದ ಕಾಗದದಂತೆ. ಈಗ ಅವರು ಎಷ್ಟು ಬೇಕಾದರೂ ಹಿಗ್ಗಿಸಿಕೊಳ್ಳಬಹುದಿತ್ತು. ಮಬ್ಬು ಗೋಡೆ ದಾಟುವಂತಿರಲಿಲ್ಲ.

ಒಂದು ತೊಡಕು ಬಂತು. ಮುಖ್ಯ ಪರದೆ ಒಳಗೆ ಹೋದದ್ದರಿಂದ ಬರುವ ಸೂಚನೆಗಳೆಲ್ಲ ಅಲ್ಲೇ ಏಳತೊಡಗಿದವು. ಹಣಿಗಿಗಳ ಸಾಲಿನ ಮೇಲೆ ಯಾರೋ ಮಾಲಕರಿಗೆ ಕಳಿಸಿದ ಗುಲಾಬಿ ಹೂವು, ಶುಭೋದಯ ಎಂಬ ಬರಹದೊಂದಿಗೆ ಬಂದು ಕೂತಿತು. ಕುರ್ಚಿಯಲ್ಲಿದ್ದ ಹೆಂಗಸು "ಹೂವು ಕಾಣ್ತದ್ರೀ" ಎಂದು ಹೇಳಿಯೂಬಿಟ್ಟಳು. ಸೂಚನೆಗಳನ್ನೆಲ್ಲ ಮುಚ್ಚಿದೆ, ಬಿಲ್ಲಿನ ಕಿಟಕಿ ಕೌಂಟರಿನಲ್ಲೇ ತೆರೆಯುವಂತೆ ಮಾಡಿದೆ.

ಮಾಲಕರು ಊಟ ಮುಗಿಸಿ ಬಂದು ಕೂತರು. ಹಿಗ್ಗಿಸಿದರು. ಇನ್ನೂ ಹಿಗ್ಗಿಸಿದರು.

"ನನಗ ಮಬ್ಬು ಕಾಣ್ಲಾಕತ್ತದ."

"ಒಬ್ಬರಿಗೆ ಮಬ್ಬು ಕಾಣಲೇಬೇಕು ಮಾಲಕ್ರ. ಈ ಸಾಫ್ಟ್‌ವೇರ್ ಹಂಗೇ ಅದ."

"ಹಂಗಾರ ಒಳಗಿನೋರಿಗೆ ಕೊಡು."

"ಆಗಂಗಿಲ್ಲ," ಅಂದೆ.

ನನ್ನ ಧ್ವನಿ ಏರಿರಲಿಲ್ಲ. ಆದರೂ ಅವರು ತಲೆ ಎತ್ತಿ ನೋಡಿದರು. ಹೊಸಬರು ಒಳಗಿನಿಂದ ಬಾಗಿಲಿಗೆ ಬಂದು ನಿಂತರು. "ಇರಲಿ ಬಿಡ್ರಿ ಮಾಲಕ್ರ. ಈಗ ಒಳಗ ಚಲೋ ಅದ. ಮತ್ತ ಬದಲಿ ಮಾಡಿದ್ರ ನನ್ನ ಕೈಲೆ ನಂಬರ್ ಬರಿಯೂದು ಆಗಂಗಿಲ್ಲ," ಅಂದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಟೋದವನನ್ನು ನಿಲ್ದಾಣದಿಂದ ಕರೆದು ತಂದೆ. ನಾನೇ ತಂದಿದ್ದ ಸ್ಪಿರಿಟ್‌ನಿಂದ ಚೌಕಟ್ಟು ಒರೆಸಿ ಕೊಟ್ಟೆ. ಹತ್ತಿ ಕರ್ರಗಾಯಿತು. ಹೊಸಬರು ಗಾಜು ಏರಿಸುತ್ತಾ ಹೋದರು. ಆಟೋದವನು ಕನ್ನಡಿಯೊಳಗೆ ನೋಡುತ್ತಾ ಕೈ ಆಡಿಸಿದ. ಹಲ್ಲು ಮೇಲೆ, ಎಡಕ್ಕೆ, ಕೆಳಗೆ. ಕೊನೆಯ ಸಾಲಿಗೆ ಬಂದಾಗಲೂ ಅವನ ಕೈ ತಡೆಯಲಿಲ್ಲ. "ಬಸ್, ಇಷ್ಟೇ. ಇನ್ನ ಏರಿಸಬ್ಯಾಡ್ರಿ," ಅಂದ. ಹೊಸಬರು ಚೌಕಟ್ಟಿನಲ್ಲಿದ್ದ ಗಾಜಿನ ನಂಬರು ನೋಡಿಕೊಂಡರು. ಆಮೇಲೆ ಯಾರೂ ಹೇಳದೆಯೇ ಅವನ ಜೇಬಿನ ಕನ್ನಡಕ ಕೇಳಿ ತೆಗೆದುಕೊಂಡು, ಗಾಜಿನ ನಂಬರು ಅಳೆಯುವ ಯಂತ್ರಕ್ಕೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಗಾಜೂ ನೋಡಿದರು.

"ಒಂದೇ ಅದ," ಅಂದರು ಮೆಲ್ಲಗೆ. "ಎರಡೂ ಕಣ್ಣಿಂದೂ. ಬಾಯಾರು ಬರೋಬರಿ ಬರದಾರ."

ಆಟೋದವನು ಅಕ್ಕನ ಕನ್ನಡಕ ಹಾಕಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತ. "ಭಾಯ್, ಗೊನಿ ಒಳಗ ಒಂದು ಹಣ್ಣು ಕೊಳತದ. ಆ ಅಂಗಡಿಯವಗ ಹೇಳ್ಲೇನು?" ಅಂದ. ನಾನು ನಗಲು ನೋಡಿದೆ. ಆಗಲಿಲ್ಲ. ಮುಖ ತೊಳೆಯುವ ನೆವದಿಂದ ಹಿಂದಿನ ನಲ್ಲಿಗೆ ಹೋದೆ.

ಮರಳಿ ಬಂದಾಗ ಮಾಲಕರು ಕೌಂಟರಿಗೆ ಬಂದಿದ್ದ ಇನ್ನೊಬ್ಬರಿಗೆ ಹೇಳುತ್ತಿದ್ದರು: "ಸ್ಕ್ರೀನ್ ಸ್ವಲ್ಪ ಕೆಟ್ಟಿತ್ತು, ರಿಪೇರಿ ಮಾಡಿಸೀವಿ. ಈಗ ನೋಡ್ರಿ, ಜಿಲ್ಲಾದಾಗ ಇಂಥಾ ಟೆಸ್ಟಿಂಗ್ ಇಲ್ಲ." ಒಳಗೆ ಹೊಸಬರು ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ನಡುವೆ ಇದ್ದದ್ದು ಒಂದು ಗೋಡೆ, ಅದಕ್ಕೂ ತೂತು ಇತ್ತು.

ಹೊರಡುವಾಗ ಅವರನ್ನು ಒಂದೇ ಮಾತು ಕೇಳಿದೆ. "ಅಕ್ಕ ತಪ್ಪು ಬರದಳು ಅಂತ ಯಾರ್ಯಾರಿಗೆ ಹೇಳೀರಿ, ಅವರಿಗೆ ಹಂಗಲ್ಲ ಅಂತ ಹೇಳ್ರಿ."

"ಹೇಳೋಣಂತ," ಅಂದರು. "ಹೋದೋರ ಮಾತು ಯಾಕ ಮತ್ತ ಮತ್ತ?"

ಆ ಅಂಗಡಿಗೆ ಈಗಲೂ ಹೋಗುತ್ತೇನೆ. ಮಾನಿಟರ್ ಚೆನ್ನಾಗಿದೆ. ಹೋದಾಗಲೆಲ್ಲ ಚೌಕಟ್ಟು ನಾನೇ ಒರೆಸಿ ಬರುತ್ತೇನೆ. ಮಾಲಕರ ಡ್ರಾದಲ್ಲಿ ಒಂದು ಓದುವ ಕನ್ನಡಕ ಬಂದು ಸೇರಿದೆ. ಗಿರಾಕಿ ಇಲ್ಲದಾಗ ಹಾಕಿಕೊಳ್ಳುತ್ತಾರೆ, ಬಾಗಿಲಲ್ಲಿ ನೆರಳು ಕಂಡರೆ ತೆಗೆದು ಒಳಗಿಡುತ್ತಾರೆ. ಆಟೋದವನು ನಿಲ್ದಾಣದಲ್ಲಿ ತನಗೆ ಗೊತ್ತಿದ್ದವರಿಗೆ ಹೇಳುತ್ತಿರುತ್ತಾನೆ. ಹೊಸಬರು ನನಗೆ ಹೇಳಿದರು, ಅದೂ ಮೆಲ್ಲಗೆ. ಅಕ್ಕ ಬರೆದ ನಂಬರು ತಪ್ಪಿರಲಿಲ್ಲ ಎಂದು ಆ ಕೌಂಟರಿನಿಂದ ಇನ್ನೂ ಯಾರೂ ಹೇಳಿಲ್ಲ.